ಪಾವಣ್ಯಾರು ತೋರಿಸಿದ ಇಳಿದಾರಿ

೧೯೭೩ರಲ್ಲಿ ನಾನು ಸಾಲಿ ಬಿಟ್ಟೆ. ಏಳನೆಯ ಇಯತ್ತೆಯಲ್ಲಿದ್ದೆ, ಮುಲ್ಕಿ ಪರೀಕ್ಷೆ ಇನ್ನೂ ದೂರವಿತ್ತು. ನಮ್ಮ ಗಾಣದ ಮನೆಯಲ್ಲಿ ಬೆಲ್ಲದ ಒಲೆಗೆ ಕಬ್ಬಿನ ರವದಿ ಹಾಕುವ ಆಳು ಒಂದು ದಿನ ಬರಲಿಲ್ಲ. ಅಪ್ಪ ನನ್ನನ್ನು ಒಲೆಯ ಮುಂದೆ ಕೂಡಿಸಿದ. ಮರುದಿನ ಆಳು ಬಂದ. ಆದರೆ ಅಷ್ಟರಲ್ಲಿ ಅಪ್ಪನಿಗೆ ನನ್ನ ಕೆಲಸ ಮನಸ್ಸಿಗೆ ಬಂದಿತ್ತು, ನನಗೆ ಸಾಲಿ ಮನಸ್ಸಿಗೆ ಬಾರದೆ ಬಹಳ ದಿನವಾಗಿತ್ತು. ಮಾಸ್ತರರು ಒಮ್ಮೆ ಮನೆಗೆ ಬಂದು ಕೇಳಿದರು. ಅಪ್ಪ ಅವರಿಗೆ ಬಿಸಿ ಬೆಲ್ಲ ಕೊಟ್ಟ. ಅವರು ಮತ್ತೆ ಕೇಳಲಿಲ್ಲ. ನನ್ನ ವಿದ್ಯೆ ಒಂದು ತಾಟು ಬೆಲ್ಲಕ್ಕೆ ಮುಗಿಯಿತು.

ಇದನ್ನು ದುಃಖದಿಂದ ಬರೆಯುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ರಾಯಬಾಗ ತಾಲೂಕಿನಲ್ಲಿ, ಪಾಲಬಾವಿಯ ಕಡೆಗೆ ಹೋಗುವ ರಸ್ತೆಯ ಮೇಲೆ, ಅಪ್ಪ ಬಿಟ್ಟುಹೋದ ಹೊಲವನ್ನು ನಾನು ಕಡಿಮೆ ಮಾಡಲಿಲ್ಲ, ಹೆಚ್ಚು ಮಾಡಿದೆ. ಕಲಿತವರನ್ನೂ ಆಮೇಲೆ ಬಹಳ ಮಂದಿಯನ್ನು ಕಂಡೆ. ಅವರಲ್ಲಿ ಒಬ್ಬರು ಒಂದು ಬೇಸಿಗೆಯ ಮಧ್ಯಾಹ್ನ ನಮ್ಮ ಇಡೀ ಮನೆಯವರನ್ನು ಬರಿಗಾಲಿನಲ್ಲಿ ಗುಡ್ಡದಿಂದ ಇಳಿಸಿದರು. ಅವರ ಬಗ್ಗೆ ಬರೆಯಬೇಕಾಗಿದೆ.

ಅಪ್ಪ ತೀರಿಕೊಂಡ ಮೇಲೆ ಮನೆಯ ಭಾರ ನನ್ನ ಮೇಲೆ ಬಿತ್ತು. ಅವ್ವ, ನನ್ನ ಹೆಂಡತಿ, ಒಬ್ಬಳು ತಂಗಿ. ನಾನು ಕಲಿಯದಿದ್ದರೂ ತಂಗಿಯನ್ನು ಮುಗಳಖೋಡಕ್ಕೆ ಕಳಿಸಿ ಮ್ಯಾಟ್ರಿಕ್ ಮಾಡಿಸಿದ್ದೆ. ಅದರಿಂದ ಆದ ಲಾಭವೆಂದರೆ, ಕನ್ಯಾ ನೋಡಲು ಬಂದವರು "ಹುಡುಗಿ ಜಾಸ್ತಿ ಕಲ್ತಾಳ" ಎನ್ನತೊಡಗಿದರು. ಒಬ್ಬರು ಅದೇ ಕಾರಣ ಹೇಳಿ ಎದ್ದುಹೋದರು. ಇನ್ನೊಬ್ಬರು ಹುಡುಗಿ ಒಪ್ಪಿಗೆಯಾಗಿದ್ದಾಳೆ, ಆದರೆ ಹುಡುಗಿಯ ಅಣ್ಣನ ಬಾಯಿ ಒಪ್ಪಿಗೆಯಾಗಿಲ್ಲ ಎಂದರಂತೆ. ನನಗಿಂತ ದೊಡ್ಡ ಬಾಯಿಯವರು ನಮ್ಮ ಕಡೆ ನನ್ನ ಬಾಯಿಯ ಬಗ್ಗೆ ಮಾತಾಡುವುದನ್ನು ಕೇಳಿ ನಾನು ಸುಮ್ಮನಿದ್ದೆ. ಸುಮ್ಮನಿರುವುದನ್ನು ಕಲಿಯಲೇಬೇಕು ಎಂದು ಅವ್ವ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು.

ಮೂರನೆಯವರು ಕಾಗವಾಡದ ಕಡೆಯವರು. ದ್ರಾಕ್ಷಿ ತೋಟದ ಮನೆತನ. ಹುಡುಗನಿಗೆ ಅಪ್ಪ ಇರಲಿಲ್ಲ, ತಾಯಿ ಇದ್ದಳು, ಮಾತೆಲ್ಲ ಅವನ ಕಾಕಾನದು, ಅಂದರೆ ಅಪ್ಪನ ತಮ್ಮನದು. ಈ ಕಾಕಾ ಅಥಣಿಯಲ್ಲಿ ಸಾಹೇಬರಾಗಿದ್ದು ನಿವೃತ್ತರಾದವರು. ಯಾವ ಕಚೇರಿಯ ಸಾಹೇಬರು ಎಂದು ನನಗೆ ಇಂದಿಗೂ ತಿಳಿದಿಲ್ಲ. ಅವರು "ನಮ್ಮ ಆಫೀಸಿನ್ಯಾಗ" ಎಂದಷ್ಟೇ ಹೇಳುತ್ತಿದ್ದರು, ದೇಶಕ್ಕೆಲ್ಲ ಒಂದೇ ಆಫೀಸು ಇದ್ದಂತೆ. ೧೯೮೮ರ ಶಿವರಾತ್ರಿ ಆದ ಮೇಲೆ ಬಂದು ಕನ್ಯಾ ನೋಡಿದರು, ಅವಲಕ್ಕಿ ತಿಂದರು, ಎರಡು ಸಲ ಚಹಾ ಕುಡಿದರು, "ಹೇಳಿ ಕಳಸ್ತೀವ್ರಿ" ಎಂದು ಹೋದರು. ಯುಗಾದಿ ಬಂತು, ಹೋಯಿತು. ಬಸವ ಜಯಂತಿ ಬಂತು, ಹೋಯಿತು. ಅವರ ಮಾತು ಮಾತ್ರ ಬರಲಿಲ್ಲ.

ನಮ್ಮ ಕಡೆ ಕನ್ಯಾ ನೋಡಿ ಹೋದವರು ಹೂಂ ಅನ್ನದೆ, ಉಹೂಂ ಅನ್ನದೆ ಕುಳಿತರೆ ಹುಡುಗಿಯ ಹೆಸರು ಬಾವಿಯ ಕಟ್ಟೆಯಿಂದ ಬಾವಿಯ ಕಟ್ಟೆಗೆ ಹೋಗುತ್ತದೆ. ಮೂರನೆಯವರೂ ಬಿಟ್ಟರು ಎಂದಾದರೆ ನಾಲ್ಕನೆಯವರು ಬರುವುದೇ ಇಲ್ಲ, ಬಂದರೆ ಎರಡನೆಯ ಸಂಬಂಧದವರು ಬರುತ್ತಾರೆ. ಅವ್ವನಿಗೆ ನಿದ್ದೆ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು, ಆದರೆ ಅದನ್ನು ಅವ್ವನಿಗೆ ಹೇಳುತ್ತಿರಲಿಲ್ಲ. ತಂಗಿಯನ್ನು ಯಾರೂ ಏನೂ ಕೇಳಿರಲಿಲ್ಲ. ಲಗ್ನ ಅವಳದಾಗಿದ್ದರಿಂದ ಅವಳನ್ನು ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಕಡೆಗೆ ಮೇ ತಿಂಗಳ ಉರಿಬಿಸಿಲಿನಲ್ಲಿ ಕಾಗವಾಡದಿಂದ ಒಂದು ಮಾತು ಬಂತು. ಹುಡುಗನ ತಾಯಿಯದು ಒಂದು ಹರಕೆ ಇದೆಯಂತೆ. ನಿಪ್ಪಾಣಿಯಾಚೆಯ ಗುಡ್ಡದ ದೇವರಿಗೆ ಹೋಗಿಬರಬೇಕಂತೆ, ಅದಾಗದೆ ಮನೆಯಲ್ಲಿ ಶುಭಕಾರ್ಯದ ಮಾತು ಎತ್ತುವಂತಿಲ್ಲವಂತೆ. "ನೀವೂ ಬರ್ರಿ, ಎರಡೂ ಮನಿಯವರು ಕೂಡಿ ಹೋಗಿ ಬರೂಣು. ಮಾತೂ ಅಲ್ಲೇ ಮುಗಿತೈತಿ" ಎಂದು ಕಾಕಾ ಹೇಳಿ ಕಳಿಸಿದ್ದರು. ಗುಡ್ಡದ ಹೆಸರು ಬರೆಯುವುದಿಲ್ಲ. ನಡೆದದ್ದರಲ್ಲಿ ದೇವರ ತಪ್ಪು ಏನೂ ಇಲ್ಲ.

ಇಲ್ಲಿ ನಮ್ಮ ಕಡೆಯ ಒಂದು ರಿವಾಜು ಹೇಳಬೇಕು. ನೆಂಟಸ್ತನ ಬೆಳೆಸುವವರನ್ನು ನಾವು ಪಾವಣ್ಯಾರು ಅನ್ನುತ್ತೇವೆ. ಲಗ್ನದ ಮಾತು ಮುಗಿಯುವ ತನಕ ಗಂಡಿನ ಕಡೆಯ ಪಾವಣ್ಯಾರ ಮಾತಿಗೆ ಹೆಣ್ಣಿನ ಕಡೆಯವರು ಎದುರಾಡಬಾರದು. ಸೂರ್ಯ ಪಡುವಣಕ್ಕೆ ಹುಟ್ಟಿದ ಎಂದು ಅವರು ಅಂದರೆ "ಹೌದ್ರಿ, ಇವತ್ತ ಸ್ವಲ್ಪ ಆ ಕಡೇನ ಹುಟ್ಟ್ಯಾನ" ಅನ್ನಬೇಕು. ಗಂಡಿನ ಕಡೆಯವರಿಗೂ ಒಂದು ರಿವಾಜು ಇದೆ. ಎಲ್ಲವನ್ನೂ ಹೆಣ್ಣಿನ ಮನೆಯವರನ್ನು ಕೇಳಿಯೇ ಮಾಡುತ್ತೇವೆ ಎಂದು ತೋರಿಸಿಕೊಳ್ಳಬೇಕು. ಹೀಗಾಗಿ ಕೇಳುವವರು ಕೇಳುತ್ತಲೇ ಇರುತ್ತಾರೆ, ಹೌದ್ರಿ ಅನ್ನುವವರು ಅನ್ನುತ್ತಲೇ ಇರುತ್ತಾರೆ. ಖರೆ ಮಾತು ಹೇಳುವ ಹೊಣೆ ಯಾರ ಹೆಗಲಿಗೂ ಬರುವುದಿಲ್ಲ. ಎರಡು ದೊಡ್ಡ ಮನೆತನಗಳು ಕೂಡಿದರೆ ಒಂದು ಸಣ್ಣ ಬುದ್ಧಿಯೂ ಕೆಲಸ ಮಾಡದಂತೆ ನಮ್ಮ ಹಿರಿಯರು ಏರ್ಪಾಟು ಮಾಡಿಟ್ಟಿದ್ದಾರೆ.

ಮೊದಲ ಬಸ್ಸಿಗೆ ಹೊರಟು ಚಿಕ್ಕೋಡಿಯಲ್ಲಿ ಅವರನ್ನು ಕೂಡಿಕೊಂಡೆವು. ನಿಪ್ಪಾಣಿಯಲ್ಲಿ ಇಳಿದು ಒಂದು ಜೀಪು ಗೊತ್ತುಮಾಡಿದೆವು. ನಾವು ನಾಲ್ವರು, ಅವರು ಮೂವರು: ಹುಡುಗ, ಅವನ ತಾಯಿ, ಕಾಕಾ. ಹುಡುಗ ಎತ್ತರದ ಆಳು. ಇಡೀ ದಾರಿಯಲ್ಲಿ ಅವನ ಬಾಯಿಂದ "ಹೂಂ" ಒಂದೇ ಬಂತು. ನನ್ನ ಹೆಂಡತಿ ನನ್ನ ಕಿವಿಯಲ್ಲಿ, "ಮಾತ ಬರತೈತೇನ ಅಂತ ಮೊದಲ ಕೇಳ್ರಿ" ಎಂದಳು. ಕಾಕಾ ಇಸ್ತ್ರಿ ಮಾಡಿದ ನೆಹರು ಅಂಗಿ ತೊಟ್ಟು, ಕರಿಯ ಛತ್ರಿ ಹಿಡಿದು ಮುಂದಿನ ಸೀಟಿನಲ್ಲಿ ಕುಳಿತು ಜೀಪಿನ ಡ್ರೈವರನಿಗೆ ಜೀಪು ನಡೆಸುವುದನ್ನು ಹೇಳಿಕೊಡುತ್ತಿದ್ದರು.

ಗುಡ್ಡದ ಬುಡದಲ್ಲಿ ತೆಂಗಿನಕಾಯಿ ಅಂಗಡಿ. ಆ ದೇವರ ಗುಡ್ಡವನ್ನು ಬರಿಗಾಲಿನಲ್ಲೇ ಏರಬೇಕು. ಎಲ್ಲರೂ ಚಪ್ಪಲಿಗಳನ್ನು ಅಂಗಡಿಯ ಮುಂದೆ ಬಿಟ್ಟೆವು. ಡ್ರೈವರ್ ಸಾಬಣ್ಣ ನಿಪ್ಪಾಣಿಯವನು, ಕನ್ನಡ ಮರಾಠಿ ಎರಡನ್ನೂ ಒಂದೇ ಬಾಯಿಯಲ್ಲಿ ಆಡುವವನು. "ಲವಕರ, ಜಲ್ದಿ ಇಳೀರಿ ಮಾಲಕ, ಹೊತ್ತ ನೆತ್ತಿ ದಾಟಿತಂದ್ರ ಪಾವಟಗಿ ತವಾ ಆಗ್ತಾವ" ಎಂದ. ಏರುವ ಪಾವಟಿಗೆಗಳು, ಅಂದರೆ ಕಲ್ಲಿನ ಮೆಟ್ಟಿಲುಗಳು, ಗುಡ್ಡದ ಪಡುವಣ ಮಗ್ಗುಲಿಗಿವೆ. ಬೆಳಿಗ್ಗೆ ಅಲ್ಲಿ ಗುಡ್ಡದ್ದೇ ನೆರಳು, ಕಲ್ಲು ತಣ್ಣಗಿರುತ್ತದೆ. ಮಧ್ಯಾಹ್ನವಾದ ಮೇಲೆ ಅದೇ ಕರಿಗಲ್ಲಿನ ಮೇಲೆ ರೊಟ್ಟಿ ಬೇಯಿಸಬಹುದು.

ಕಾಕಾ ನಕ್ಕರು. "ಗುಡ್ಡ ಹ್ಯಾಂಗ ಇಳೀಬೇಕಂತ ಜೀಪಿನವನ ಕಡೆ ಕೇಳಬೇಕೇನ? ನಮ್ಮ ಪಾವಣ್ಯಾರ ಅದಾರಲ್ಲ."

ನಾನೂ ಎದೆ ಸೆಟೆಸಿ, "ಏ, ಈ ಗುಡ್ಡ ನನ್ನ ಅಂಗೈ ಇದ್ದಂಗ್ರಿ" ಎಂದೆ. ಆ ಗುಡ್ಡವನ್ನು ನಾನು ಒಂದು ಸಲ ಏರಿದ್ದೆ, ಅದೂ ಅಪ್ಪನ ಹೆಗಲ ಮೇಲೆ ಕುಳಿತು. ಅಂಗೈಯನ್ನಾದರೂ ನಾವು ಎಷ್ಟು ಸಲ ಸರಿಯಾಗಿ ನೋಡಿಕೊಳ್ಳುತ್ತೇವೆ?

ಏರಿದ್ದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಹುಡುಗನ ತಾಯಿ ದಪ್ಪ ದೇಹದವಳು, ಮಂಡಿ ನೋವಿನವಳು. ಕೂತು ಕೂತು ಏರಿದಳು. ಪ್ರತಿ ಸಲ ಕೂತಾಗಲೂ ತಂಗಿ ಪಕ್ಕದಲ್ಲಿ ನಿಂತು ಸೆರಗಿನಿಂದ ಗಾಳಿ ಹಾಕಿದಳು. ಇದನ್ನು ನಾನೇ ಅವಳಿಗೆ ಹಿಂದಿನ ರಾತ್ರಿ ಹೇಳಿಕೊಟ್ಟಿದ್ದೆ. ಮೇಲೆ ಪೂಜೆ ಬೇಗ ಮುಗಿಯಿತು. ಇಳಿದುಬಿಟ್ಟಿದ್ದರೆ ಎಲ್ಲವೂ ಬೇಗ ಮುಗಿಯುತ್ತಿತ್ತು. ಆದರೆ ಕಾಕಾ ಬುತ್ತಿ ಬಿಚ್ಚಿಸಿದರು. ನಾವು ತಂದ ಹೋಳಿಗೆ, ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಅವರು ತಂದ ಶೇಂಗಾ ಹೋಳಿಗೆ. ಉಂಡ ಮೇಲೆ ಕಾಕಾ ಗುಡಿಯ ಪೌಳಿಯಲ್ಲಿ ಅಡ್ಡಾದರು. ಪಾವಣ್ಯಾರನ್ನು ಎಬ್ಬಿಸುವುದು ಮರ್ಯಾದೆಯಲ್ಲ. ನಾವು ಆರು ಮಂದಿ ಅವರ ಗೊರಕೆ ಕೇಳುತ್ತ ಸಾಲಾಗಿ ಕುಳಿತೆವು. ಅವ್ವ ಮೆಲ್ಲಗೆ, "ಅವರ ನಿದ್ದಿ ಮುಗದಿಂದ ಮಾತ ಮುಗಿತೈತಿ ತಗೋ" ಎಂದು ಸಮಾಧಾನ ಹೇಳಿದಳು. ಅವರು ಎದ್ದಾಗ ಹೊತ್ತು ನೆತ್ತಿ ದಾಟಿತ್ತು. ಎದ್ದವರು ಮಾತು ಎತ್ತಲಿಲ್ಲ, ನಾಲ್ಕರ ಬಸ್ಸಿನ ಸುದ್ದಿ ಎತ್ತಿದರು.

ಗುಡಿಯ ಕೆಳಗೆ ಒಂದು ಬಸರಿ ಗಿಡ. ಅಲ್ಲಿ ದಾರಿ ಮೂರಾಗುತ್ತದೆ. ನಡುವೆ ನಾವು ಏರಿಬಂದ ಪಾವಟಿಗೆ. ನನ್ನ ಹೆಂಡತಿ ಒಂದು ಕಲ್ಲಿನ ಮೇಲೆ ಕಾಲಿಟ್ಟು ಹಾವು ತುಳಿದವಳಂತೆ ಹಿಂದಕ್ಕೆ ಜಿಗಿದಳು. ಮೂಡಣಕ್ಕೆ ಒಂದು ಗಾಡಿ ದಾರಿ, ಮಣ್ಣಿನದು, ಎರಡೂ ಕಡೆ ಬೇವಿನ ಗಿಡಗಳಿದ್ದದ್ದು. ಆ ಹೊತ್ತಿಗೆ ಅಲ್ಲಿ ಪೂರಾ ನೆರಳು. ಆದರೆ ಅದು ಸುತ್ತು, ಮತ್ತು ಗುಡ್ಡದ ಆಚೆ ಬದಿಗೆ ಇಳಿಯುತ್ತದೆ. ಜೀಪು, ಚಪ್ಪಲಿ ಎಲ್ಲ ಈಚೆ ಬದಿಗೆ. ಯಾರಾದರೂ ಒಬ್ಬರು ಸುಡುವ ಪಾವಟಿಗೆಯ ಮೇಲೆ ಇಳಿದುಹೋಗಿ ಜೀಪನ್ನು ಸುತ್ತಿಸಿ ತರಬೇಕು. ಮೂರನೆಯದು ಎಡಕ್ಕೆ, ಕುರುಚಲು ಗಿಡಗಳ ನಡುವೆ ನೆಟ್ಟಗೆ ಇಳಿಯುವ ಒಂದು ಗೆರೆ. ಅದರ ತುದಿಗೆ, ಕೈ ಚಾಚಿದರೆ ಸಿಗುವಂತೆ, ನಮ್ಮ ಜೀಪು ಕಾಣುತ್ತಿತ್ತು.

ಸಣ್ಣ ಕೂಸಿಗೂ ಗಾಡಿ ದಾರಿಯೇ ಸರಿ ಎಂದು ತಿಳಿಯುತ್ತಿತ್ತು. ಆದರೆ ಅಲ್ಲಿ ಸಣ್ಣ ಕೂಸು ಇರಲಿಲ್ಲ, ದೊಡ್ಡವರಿದ್ದರು.

"ಪಾವಣ್ಯಾರ, ನೀವ ಹೇಳ್ರಿ. ಹ್ಯಾಂಗ ಇಳಿಯೂಣು?" ಎಂದರು ಕಾಕಾ.

"ನಿಮ್ಮ ಮುಂದ ನಾವೇನ ಹೇಳೂದ್ರಿ. ನೀವ ಹಿರಿಯಾರು."

"ಹಂಗಲ್ಲ. ಗುಡ್ಡ ನಿಮ್ಮ ಅಂಗೈ ಇದ್ದಂಗ ಅಂದೀರಿ."

"ಅಂಗೈ ನಂದ ಇದ್ರೂ ತೋರಸೂ ಬಟ್ಟ ನಿಮದ್ರಿ."

ಈ ಉತ್ತರ ನನಗೇ ಬಹಳ ಚಲೋ ಅನಿಸಿತು. ಹೆಂಡತಿ ಹಿಂದಿನಿಂದ ನನ್ನ ಅಂಗಿ ಜಗ್ಗಿದಳು. "ಏನ್ರಿ, ಗಾಡಿ ದಾರಿ ಅಂತ ಒಂದ ಮಾತ ಅನ್ರಿ. ಬಾಯಿ ಏನ ಸವೀತೈತಿ?"

"ಸುಮ್ನಿರು. ಮೊದಲ ಅವರ ಅನ್ಲಿ."

ಕಾಕಾ ಛತ್ರಿ ಎತ್ತಿ ಎಡಗಡೆಯ ಗೆರೆಯ ಕಡೆ ಚಾಚಿದರು. "ಹಿಂಗ ಇಳದ್ರ ಹ್ಯಾಂಗ? ಜೀಪ ಅಲ್ಲೇ ಕಾಣತೈತಿ."

ಅದು ಪ್ರಶ್ನೆಯಾಗಿತ್ತು. ಆದರೆ ಗಂಡಿನ ಕಡೆಯವರ ಪ್ರಶ್ನೆಗೆ ನಮ್ಮಲ್ಲಿ ಒಂದೇ ಉತ್ತರ. "ನೀವ ಅಂದ ಮ್ಯಾಲ ಮುಗೀತ್ರಿ. ಚಲೋ ದಾರಿ" ಎಂದೆ.

"ಅಂದ್ರ ನಿಮಗ ಗೊತ್ತಿದ್ದದ್ದ?"

"ಗೊತ್ತಿಲ್ದ ಏನ್ರಿ."

ನನಗೆ ಗೊತ್ತಿದ್ದದ್ದು ಇಷ್ಟೇ: ಬೆಳಿಗ್ಗೆ ಅಲ್ಲಿಂದ ಆಡುಗಳು ಹೋಗುವುದನ್ನು ಕಂಡಿದ್ದೆ. ಆಡಿನ ಕಾಲಿಗೆ ಗೊರಸು ಇರುತ್ತದೆ, ಆಡಿಗೆ ಪಾವಣ್ಯಾರು ಇರುವುದಿಲ್ಲ. ಇದನ್ನು ಆಗ ವಿಚಾರಿಸಲಿಲ್ಲ. ನಾನು ಹೌದು ಅಂದದ್ದರಿಂದ ಕಾಕಾ ದಾರಿ ಖಾತ್ರಿಯಾದದ್ದು ಅಂದುಕೊಂಡರು. ಕಾಕಾ ಛತ್ರಿ ಚಾಚಿದ್ದರಿಂದ ನಾನು ಅವರಿಗೆ ಏನೋ ಕಾಣುತ್ತಿರಬೇಕು ಅಂದುಕೊಂಡೆ. ಹೀಗೆ ಯಾರಿಗೂ ಗೊತ್ತಿಲ್ಲದ ದಾರಿ ಇಬ್ಬರಿಗೂ ಗೊತ್ತಿರುವ ದಾರಿಯಾಯಿತು.

ಮೊದಲಿಗೆ ಜಾಲಿ ಮುಳ್ಳು. ಆಮೇಲೆ ಕಾರಿ ಮುಳ್ಳು. ನಡುವೆ ಎಲ್ಲಿಯಾದರೂ ಮುಳ್ಳು ತಪ್ಪಿದರೆ ಅಲ್ಲಿ ಸಡಿಲ ಗರಸು ಕಲ್ಲು, ಕಾಲಿಟ್ಟರೆ ಜಾರುವಂಥದ್ದು. ಅವ್ವ ದೇವರ ಹೆಸರು ಹೇಳುತ್ತ ಇಳಿದಳು. ನನ್ನ ಹೆಂಡತಿ ಯಾರ ಹೆಸರನ್ನೂ ಹೇಳದೆ ಬೈಯುತ್ತ ಇಳಿದಳು. "ಎಂಥಾ ಚಲೋ ದಾರಿ! ಹಾಸಿದ್ದ ಹಾಸಿದ್ದು, ಮುಳ್ಳು" ಎಂದಳು. ಕಾಕಾನ ಇಸ್ತ್ರಿ ಅಂಗಿಯ ತೋಳು ಜಾಲಿಗೆ ಸಿಕ್ಕು ಹರಿಯಿತು. ಅವರು ಅದನ್ನು ನೋಡಿಕೊಂಡು, "ಸ್ವಲ್ಪ ಅಷ್ಟ, ಮುಂದ ಸಾಫ್ ಐತಿ" ಎಂದರು. ನಾನು, "ಹೌದ್ರಿ, ಮುಂದ ಭಾಳ ಸಾಫ್ ಐತಿ" ಎಂದೆ. ಮುಂದೆ ಏನಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ, ಆದರೆ ಅದು ಸಾಫ್ ಇದೆ ಎಂಬುದರಲ್ಲಿ ನಮ್ಮ ನಡುವೆ ಭೇದವಿರಲಿಲ್ಲ. ಅಷ್ಟು ಒಗ್ಗಟ್ಟು ಬೀಗರಲ್ಲಿ ಲಗ್ನವಾದ ಮೇಲೂ ಕಾಣಸಿಗುವುದಿಲ್ಲ.

ತಂಗಿ ಒಂದು ಕಡೆ ನಿಂತು ಮುತ್ತಲ ಗಿಡದ ಅಗಲ ಎಲೆ ಹರಿದು, ತನ್ನ ಸೆರಗಿನ ಅಂಚು ಸೀಳಿ, ಹುಡುಗನ ತಾಯಿಯ ಎರಡೂ ಕಾಲಿಗೆ ಕಟ್ಟಿದಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಆ ಸೀರೆ ಮುಂದಿನ ವಾರ ನೆಂಟರ ಮನೆಯ ಲಗ್ನಕ್ಕೂ ಆಗಬೇಕಿತ್ತು.

ಅರ್ಧಕ್ಕಿಂತ ಹೆಚ್ಚು ಇಳಿದ ಮೇಲೆ ಮುಳ್ಳು ಮುಗಿಯಿತು, ಗರಸು ಮುಗಿಯಿತು, ಗುಡ್ಡವೂ ಮುಗಿಯಿತು. ನಮ್ಮ ಕಾಲ ಕೆಳಗೆ ಕಲ್ಲಿನ ಖಣಿ. ಕಟ್ಟಡದ ಕಲ್ಲಿಗಾಗಿ ಗುಡ್ಡದ ಮಗ್ಗುಲನ್ನು ನೆಟ್ಟಗೆ ಕಡಿದು ತೆಗೆದಿದ್ದರು. ಎರಡು ಬಾವಿ ಒಂದರ ಮೇಲೊಂದು ಇಟ್ಟಷ್ಟು ಆಳ. ಮೇಲಿಂದ ನೋಡಿದಾಗ ಕಣ್ಣು ಈ ಕೊರಕಲನ್ನು ಹಾರಿ ನೇರ ಜೀಪಿನ ಮೇಲೆ ಬೀಳುತ್ತದೆ, ಅದಕ್ಕೇ ದಾರಿ ಹತ್ತಿರ ಕಂಡದ್ದು. ಈಗ ಜೀಪು ಇನ್ನೂ ಹತ್ತಿರ ಕಾಣುತ್ತಿತ್ತು. ಡ್ರೈವರ್ ಅದರ ನೆರಳಿನಲ್ಲಿ ಮಲಗಿದ್ದು ಕೂಡ ಕಾಣುತ್ತಿತ್ತು. ಆಡುಗಳು ಪಕ್ಕದ ಒಂದು ಗೇಣಗಲದ ಕಲ್ಲಿನ ಅಂಚಿನ ಮೇಲೆ ಇಳಿದುಹೋದ ಹಿಕ್ಕೆಯ ಗುರುತು ಇತ್ತು.

ಎಲ್ಲರೂ ನಿಂತೆವು. ಬಿಸಿಲು ನೆತ್ತಿಯ ಮೇಲೆ ಕುಳಿತಿತ್ತು. ಹೊಳ್ಳಿ ಮೇಲೆ ಹೋಗುವುದು ಬಿಟ್ಟು ಬೇರೆ ದಾರಿ ಇಲ್ಲ. ಆದರೆ ಹೊಳ್ಳೂಣು ಎಂದು ಯಾರು ಹೇಳಬೇಕು? ನಾನು ಹೇಳಿದರೆ ಪಾವಣ್ಯಾರು ತಪ್ಪು ದಾರಿ ತೋರಿಸಿದರು ಎಂದಂತೆ. ಅವರು ಹೇಳಿದರೆ ಅವರದೇ ತಪ್ಪು ಒಪ್ಪಿಕೊಂಡಂತೆ, ಅದು ಅವರ ಆಫೀಸಿನಲ್ಲಿ ಎಂದೂ ನಡೆದಿರಲಿಲ್ಲ. ಕಾಕಾ ಆಳವನ್ನು ಇಣುಕಿ ನೋಡಿ, ಛತ್ರಿಯಿಂದ ಆ ಗೇಣಗಲದ ಅಂಚನ್ನು ಕುಟ್ಟಿದರು.

"ಕೂತ, ಸ್ವಲ್ಪ ಸ್ವಲ್ಪ ಜಾರಿದ್ರ ಆಗತೈತಿ ನೋಡ್ರಿ."

ನನ್ನ ಬಾಯಿ ತಾನಾಗಿ, "ಆಗತೈತ್ರಿ" ಎಂದಿತು.

"ಮೊದಲ ವೈನಿ ಇಳೀಲಿ" ಎಂದು ಅವರು ತಮ್ಮ ಅತ್ತಿಗೆಯ ಕಡೆ, ಅಂದರೆ ಹುಡುಗನ ತಾಯಿಯ ಕಡೆ ನೋಡಿದರು. ಆ ಹೆಣ್ಣುಮಗಳು ಎಲೆ ಕಟ್ಟಿದ ಕಾಲಿನಲ್ಲಿ ನಿಂತಿದ್ದಳು. ಮೈದುನನ ಮಾತಿಗೆ ಎದುರಾಡಿ ಗೊತ್ತಿಲ್ಲದವಳು. ಸೆರಗು ಬಿಗಿದುಕೊಂಡು ಕೂಡಲು ಹೊರಟೇಬಿಟ್ಟಳು.

"ಕೂಡಬ್ಯಾಡ್ರಿ ಅತ್ತಿ" ಎಂದಿತು ಒಂದು ದನಿ. "ಇದ ದಾರಿ ಅಲ್ಲ. ಹೊಳ್ಳಿ ಹೋಗೂಣು."

ತಂಗಿ. ಬೆಳಿಗ್ಗೆಯಿಂದ ತಲೆ ತಗ್ಗಿಸಿದವಳು ಈಗ ತಲೆ ಎತ್ತಿ ನಿಂತಿದ್ದಳು. ಕನ್ಯೆಯಾದವಳು ಪಾವಣ್ಯಾರ ಮುಂದೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು, ಅದೂ ಹೆಸರು ಮತ್ತು ಅಡಿಗೆ ಈ ಎರಡು ವಿಷಯದಲ್ಲಿ. ಅವ್ವನ ಮುಖ ಬಿಳಿಚಿತು. ಮೂರು ತಿಂಗಳು ಕಾದ ಮಾತು ಇಲ್ಲಿಗೆ ಮುಗಿಯಿತು ಎಂದು ನನಗೂ ಅನಿಸಿತು.

"ಸುಮ್ನಿರ ಬೇ!" ಎಂದು ಗದರಿದೆ. "ಹಿರೇರ ಮಾತಾಡಾಕತ್ತಾರ. ಮಾನ ಮರ್ಯಾದಿ ಐತಿಲ್ಲ?"

"ಐತಿ ಅಣ್ಣಾ. ಭಾಳ ಐತಿ. ಅದನ್ನ ಕಾಲಿಗೆ ಕಟ್ಕೊಂಡ ನೀ ಇಳಿ. ಚಪ್ಪಲಿ ಅಂತೂ ಇಲ್ಲ."

ನನ್ನ ಹೆಂಡತಿ ಮುಖ ಆಚೆ ತಿರುಗಿಸಿದಳು. ಭುಜ ಕುಣಿಯುತ್ತಿದ್ದುದರಿಂದ ಅಳುತ್ತಿಲ್ಲ ಎಂದು ತಿಳಿಯಿತು. ತಂಗಿ ಮತ್ತೆ ಯಾರ ಮುಖವನ್ನೂ ನೋಡಲಿಲ್ಲ. ಹುಡುಗನ ತಾಯಿಯ ರಟ್ಟೆ ಹಿಡಿದು ಮೇಲಕ್ಕೆ ತಿರುಗಿದಳು. ಆ ತಾಯಿ ಒಮ್ಮೆ ಮೈದುನನನ್ನು ನೋಡಿದಳು, ಒಮ್ಮೆ ಖಣಿಯನ್ನು ನೋಡಿದಳು, "ನಡಿ ಯವ್ವಾ" ಎಂದು ಅವಳ ಜೊತೆಗೆ ಏರತೊಡಗಿದಳು. ಹಿಂದೆ ಅವ್ವ, ಹಿಂದೆ ನನ್ನ ಹೆಂಡತಿ, ಹಿಂದೆ ಹುಡುಗ. ಕೊನೆಗೆ ಖಣಿಯ ದಂಡೆಯಲ್ಲಿ ನಾನೂ ಕಾಕಾ ಇಬ್ಬರೇ ಉಳಿದೆವು.

"ನೀವ ನಡೀರಿ" ಎಂದರು ಕಾಕಾ.

"ಛೆ ಛೆ, ಮೊದಲ ನೀವ" ಎಂದೆ ನಾನು.

ಬಸರಿ ಗಿಡದ ಬುಡಕ್ಕೆ ಹೊಳ್ಳಿ ಬಂದಾಗ ಎಲ್ಲರ ಕಾಲೂ ರಕ್ತ. ಗಾಡಿ ದಾರಿ ನೆರಳಿನಲ್ಲಿ ತಣ್ಣಗೆ ಮಲಗಿತ್ತು. ಇನ್ನು ಯಾರಾದರೂ ಒಬ್ಬರು ಪಾವಟಿಗೆಯ ಮೇಲೆ ಇಳಿದು ಜೀಪು, ಚಪ್ಪಲಿ ತರಬೇಕು. ಮನೆಯ ಯಜಮಾನನಾದ ನಾನೇ ಹೋಗಬೇಕಾದವನು. ನಾನು ಹೊರಟೇ ಇದ್ದೆ. ಹೊರಡುವ ಮೊದಲು ಗಂಡಸು ಧೋತರ ಎತ್ತಿ ಕಟ್ಟಬೇಕು, ಟವೆಲ್ ತಲೆಗೆ ಸುತ್ತಬೇಕು, ಒಮ್ಮೆ ಆಕಾಶ ನೋಡಬೇಕು. ನಾನು ಆಕಾಶ ನೋಡುತ್ತಿರುವಾಗ ಹುಡುಗ, "ನಾ ಹೋಗಿ ಬರ್ತೀನಿ ಅಣ್ಣಾರ" ಎಂದ. ಅವನಿಗೆ ಮಾತು ಬರುತ್ತದೆ ಎಂದು ನಮ್ಮ ಮನೆಯವರಿಗೆ ಆಗ ತಿಳಿಯಿತು. ಕಾಕಾ, "ಏ, ನೀ ಯಾಕ? ನೀ ವರ" ಎಂದರು. ಅಷ್ಟರಲ್ಲಿ ಅವನು ಕಾದ ಕಲ್ಲುಗಳ ಮೇಲೆ ಎರಡೆರಡು ಪಾವಟಿಗೆ ಹಾರುತ್ತ ಅರ್ಧ ಇಳಿದುಬಿಟ್ಟಿದ್ದ.

ನಾವು ಬೇವಿನ ನೆರಳಿನಲ್ಲಿ ಮಣ್ಣಿನ ಮೇಲೆ ಸಾವಕಾಶ ಇಳಿದೆವು. ಮುಂದೆ ಹುಡುಗನ ತಾಯಿ ಮತ್ತು ತಂಗಿ ಏನೋ ಮಾತಾಡುತ್ತಿದ್ದರು. ಒಮ್ಮೆ ಇಬ್ಬರೂ ನಕ್ಕರು. ಅವ್ವ ನನ್ನ ಪಕ್ಕದಲ್ಲಿ, "ನಗಲಿ. ಮನಿಗಿ ಹೋದ ಮ್ಯಾಲ ಅಳೂದ ಐತಿ" ಎಂದಳು. ಕಾಕಾ ಎಲ್ಲರಿಗಿಂತ ಹಿಂದೆ, ನೆರಳಿದ್ದರೂ ಛತ್ರಿ ಬಿಚ್ಚಿಕೊಂಡು ಬರುತ್ತಿದ್ದರು.

ಕೆಳಗೆ ಜೀಪು ನಿಂತಿತ್ತು. ಹುಡುಗ ಒಂದು ಗೋಣಿಚೀಲದ ತುಂಬ ಚಪ್ಪಲಿ ತಂದಿದ್ದ. ಅವನ ಅಂಗಾಲು ಬೊಬ್ಬೆ ಎದ್ದು ಬಿಳಿಯಾಗಿತ್ತು, ಅವನು ಹಿಮ್ಮಡಿಯ ಮೇಲೆ ನಿಂತಿದ್ದ. ಚೀಲವನ್ನು ಸುರುವಿ, "ನಿಮ್ಮ ನಿಮ್ಮವು ತಗೋರಿ" ಅಂದಿದ್ದರೆ ಸಾಕಿತ್ತು. ಅವನು ಬಗ್ಗಿದ. ಒಂದೊಂದೇ ಜೊತೆ ತೆಗೆದು ಒಬ್ಬೊಬ್ಬರ ಕಾಲ ಮುಂದೆ ಇಟ್ಟ. ಮೊದಲು ನಮ್ಮ ಅವ್ವನದು, ಆಮೇಲೆ ಅವನ ತಾಯಿಯದು, ನನ್ನ ಹೆಂಡತಿಯದು, ತಂಗಿಯದು. ಆಮೇಲೆ ನನ್ನದು, ಕಾಕಾನದು. ಯಾರದು ಯಾವುದು ಎಂದು ಅವನು ಒಬ್ಬರನ್ನೂ ಕೇಳಲಿಲ್ಲ. ಬೆಳಿಗ್ಗೆ ಮಾತಾಡದೆ ಕೂತವನು ನೋಡುತ್ತ ಕೂತಿದ್ದ ಎಂದಾಯಿತು.

ಗಂಡು ಹೆಣ್ಣಿನ ಮನೆಯವರ ಚಪ್ಪಲಿ ಮುಟ್ಟುವುದು, ಅದೂ ತಾನು ನೋಡಿ ಹೋದ ಕನ್ಯೆಯ ಚಪ್ಪಲಿ ಕೈಯಲ್ಲಿ ಎತ್ತುವುದು! ಕಾಕಾನಿಗೆ ಖಣಿಯ ದಂಡೆಯಲ್ಲಿ ಬಾರದ ಕಣ್ಣುಗತ್ತಲೆ ಈಗ ಬಂತು. "ಮನಿತನದ ಮೂಗ ಕೊಯ್ದಿ" ಎಂದು ಹುಡುಗನನ್ನು ಗದರಿ ಜೀಪಿನ ಮುಂದಿನ ಸೀಟು ಹತ್ತಿದರು. ನಾಲ್ಕರ ಬಸ್ಸು ಹೋಗಿತ್ತು. ಚಿಕ್ಕೋಡಿಯಲ್ಲಿ ಅಗಲುವಾಗ ಅವರು, "ಹೇಳಿ ಕಳಸ್ತೀವ್ರಿ" ಎಂದರು. ಮೊದಲ ಸಲ ಹೇಳಿದ್ದಕ್ಕೂ ಇದಕ್ಕೂ ಒಂದು ಅಕ್ಷರದ ವ್ಯತ್ಯಾಸವಿರಲಿಲ್ಲ.

ಮನೆಯಲ್ಲಿ ಆ ರಾತ್ರಿ ಯಾರೂ ತಂಗಿಯನ್ನು ಬೈಯಲಿಲ್ಲ. ಮುಳ್ಳು ತೆಗೆಯುವುದರಲ್ಲಿಯೇ ಹೊತ್ತು ಹೋಯಿತು.

ಕಾರಹುಣ್ಣಿಮೆ ಆದ ಮೇಲೆ ಒಂದು ಮುಂಜಾನೆ ಕಾಕಾ ತಾವೇ ಬಂದರು, ಹೊಸ ಅಂಗಿ ತೊಟ್ಟು. ಚಹಾ ಕುಡಿದು ಕಪ್ಪು ಕೆಳಗಿಟ್ಟು, "ಹುಡುಗಿ ನಮಗ ಪಸಂದ ಐತ್ರಿ" ಎಂದರು. ಅವ್ವ ಒಳಗೆ ದೇವರಿಗೆ ಕೈ ಮುಗಿದದ್ದು ಬಳೆಯ ಸಪ್ಪಳದಿಂದ ತಿಳಿಯಿತು. ಕಾಕಾ ಮುಂದುವರಿಸಿದರು.

"ನಿಮಗ ಅವತ್ತ ತಿಳಿಲಿಲ್ಲ ಕಾಣತೈತಿ. ನಾ ಬೇಕಂತನ ಆ ದಾರಿಗಿ ಕರ್ಕೊಂಡ ಹೋಗಿದ್ದೆ. ಪರೀಕ್ಷಾ ಮಾಡೂದಿತ್ತ. ಹುಡುಗಿಗಿ ಧೈರ್ಯ ಐತೋ ಇಲ್ಲೋ ನೋಡಬೇಕಲ್ಲ? ನಮ್ಮ ಆಫೀಸಿನ್ಯಾಗೂ ನಾ ಮಂದೀನ ಹಿಂಗ ಆರಸ್ತಿದ್ದೆ."

ಇದೇ ಹುಡುಗಿ ಸೊಸೆಯಾಗಬೇಕೆಂದು ಹುಡುಗನ ತಾಯಿ ಮನೆಯಲ್ಲಿ ಪಟ್ಟು ಹಿಡಿದು ಕೂತದ್ದು ನನಗೆ ಆಮೇಲೆ ಬೇರೆಯವರಿಂದ ತಿಳಿಯಿತು. ಆದರೆ ಮಾತು ಇನ್ನೂ ಪೂರಾ ಮುಗಿದಿರಲಿಲ್ಲ, ರಿವಾಜು ರಿವಾಜೇ. "ಹೌದ್ರಿ? ನಮಗ ಹೊಳೀಲೇ ಇಲ್ಲ ನೋಡ್ರಿ" ಎಂದೆ. ಹರಿದ ಅಂಗಿಯೂ ಪರೀಕ್ಷೆಯ ಭಾಗ ಆಗಿತ್ತೇ ಎಂದು ಕೇಳಬೇಕೆನಿಸಿತು. ಅವ್ವನ ಆಣೆ ನೆನಪಾಯಿತು.

"ಹಂಗಾರ ಇವತ್ತ ಸಕ್ಕರಿ ಹಂಚಿ ಮಾತ ಗಟ್ಟಿ ಮಾಡೂಣು" ಎಂದರು ಕಾಕಾ.

ನಾನು ಹೌದ್ರಿ ಅನ್ನಲು ಬಾಯಿ ತೆರೆದೆ. ಬಾಗಿಲ ಮರೆಯಲ್ಲಿ ತಂಗಿ ನಿಂತಿದ್ದಳು. ಸಕ್ಕರೆ ತರಲು ಒಳಗೆ ಹೋಗುತ್ತಿರಲಿಲ್ಲ, ಸುಮ್ಮನೆ ನನ್ನನ್ನು ನೋಡುತ್ತಿದ್ದಳು. ನಾನು ಬಾಯಿ ಮುಚ್ಚಿ, ಮತ್ತೆ ತೆರೆದೆ. "ನಮ್ಮ ಹುಡುಗೀನ ಒಂದ ಮಾತ ಕೇಳಿ, ಹೇಳಿ ಕಳಸ್ತೀವ್ರಿ" ಎಂದೆ.

ಗಂಡಿನ ಕಡೆಯವರಿಗೆ ಈ ಮಾತನ್ನು ನಮ್ಮ ಊರಿನಲ್ಲಿ ಯಾರೂ ಅಂದಿರಲಿಲ್ಲ. ಕಾಕಾ ಛತ್ರಿ ಮರೆತು ಹೋದರು. ಅವ್ವ ಎರಡು ದಿನ ನನ್ನ ತಾಟಿಗೆ ಎರಡನೆಯ ರೊಟ್ಟಿ ಹಾಕಲಿಲ್ಲ. ಕೇಳಿದ್ದೇನೋ ಕೇಳಿದೆ, ಆದರೆ ತಂಗಿ ಉತ್ತರವನ್ನು ಹುಣ್ಣಿಮೆಯಿಂದ ಅಮಾವಾಸ್ಯೆಗೆ ಒಯ್ದಳು. ಆ ದಿನಗಳಲ್ಲಿ ನಾನು ಮನೆಯಲ್ಲಿ ಕಾಲು ಸಪ್ಪಳ ಮಾಡದೆ ಓಡಾಡಿದೆ. ಹೆಂಡತಿ, "ಈಗ ತಿಳೀತ, ಕಾಯೂದಂದ್ರ ಏನಂತ?" ಎಂದಳು.

ಒಂದು ಸಂಜೆ ನಮ್ಮ ದ್ರಾಕ್ಷಿ ತೋಟದಲ್ಲಿ ಹೊಸ ಕುಡಿಗಳನ್ನು ತಂತಿಗೆ ಕಟ್ಟುತ್ತಿದ್ದೆವು. ನಾನು ಈ ಸಾಲಿನಲ್ಲಿ, ಅವಳು ಆಚೆ ಸಾಲಿನಲ್ಲಿ. ಮುಖ ಕಾಣುತ್ತಿರಲಿಲ್ಲ.

"ಏನ ಅಂತಿ ಮತ್ತ?" ಎಂದೆ.

"ಯಾವುದಕ್ಕ?"

"ಯಾವುದಕ್ಕಂದ್ರ? ಕಾಗವಾಡದ್ದಕ್ಕ."

ಅವಳು ಒಂದು ಕುಡಿ ಕಟ್ಟಿ ಮುಗಿಸಿದಳು. "ಕಾಲ ಸುಟ್ಕೊಂಡ ಬಂದು ಮೊದಲ ನಮ್ಮವ್ವನ ಚಪ್ಪಲಿ ಇಟ್ಟಾ. ನಂದ ಮೊದಲ ಇಟ್ಟಿದ್ರ ಒಲ್ಲೆ ಅಂತಿದ್ದೆ."

"ಅಂದ್ರ ಹೌದಂತೀಯೇನ?"

"ಆ ಕಾಕಾ ಅದೇ ಮನ್ಯಾಗ ಇರ್ತಾನೇನ?"

"ಇಲ್ಲ. ಅಥಣ್ಯಾಗ ಇರ್ತಾನ."

"ಹಂಗಾರ ಹೌದು."

ಮಳೆಗಾಲ ಕಳೆದ ಮೇಲೆ, ತುಳಸಿ ಲಗ್ನ ಮುಗಿದ ಮರುವಾರ ಲಗ್ನವಾಯಿತು. ಅಕ್ಷತೆಯ ಹೊತ್ತಿಗೆ ಕಾಕಾ ಮಂಟಪದ ತುಂಬ ಓಡಾಡಿ, ತಾವು ಹೆಣ್ಣನ್ನು ಹೇಗೆ ಖಣಿಯ ದಂಡೆಯ ಮೇಲೆ ನಿಲ್ಲಿಸಿ ಆರಿಸಿದೆವು ಎಂದು ಬಂದವರಿಗೆಲ್ಲ ಹೇಳಿದರು. ಕೇಳಿದವರು ನನ್ನ ಕಡೆ ನೋಡಿದಾಗ ನಾನು ತಲೆ ಆಡಿಸಿದೆ. ಲಗ್ನ ಆದ ಮೇಲೂ ಅವರು ಹಿರಿಯರೇ. ಅವರು ತೊಂಬತ್ತರ ದಶಕದ ಕೊನೆಯವರೆಗೂ ಬದುಕಿದರು, ಹೇಳುತ್ತಲೇ ಇದ್ದರು. ಕಡೆಕಡೆಗೆ ಆ ಖಣಿ ಎರಡು ಬಾವಿ ಹೋಗಿ ನಾಲ್ಕು ಬಾವಿಯಷ್ಟು ಆಳವಾಗಿತ್ತು.

ಅವ್ವ ಈಗ ಇಲ್ಲ. ನನ್ನ ಹತ್ತಿರ ಈಗ ಒಂಬತ್ತು ಎಕರೆ ಕಬ್ಬು ಇದೆ, ಎರಡು ಎಕರೆ ದ್ರಾಕ್ಷಿ ಇದೆ. ಎರಡು ಬಾವಿ, ಒಂದು ಟ್ರ್ಯಾಕ್ಟರು, ಮೂರು ಎಮ್ಮೆ. ಒಬ್ಬಳು ಹೆಂಡತಿ, ಇಬ್ಬರು ಗಂಡುಮಕ್ಕಳು. ಕಾಗವಾಡದ ಕಡೆ ಒಬ್ಬಳು ತಂಗಿ, ಅವಳ ಗಂಡ, ಅವಳ ಮೂವರು ಮಕ್ಕಳು.